ನಕಾಶೆಯಲ್ಲಿ ಅಕ್ಕನ ತೋಟ

ಚಿಮ್ಮಡದ ಹೆಸರು ನನ್ನ ಒಂದು ಇಡೀ ಬೆಳಗನ್ನು ತಿಂದುಹಾಕಿತು. ಊರಿನ ಚುಕ್ಕೆ ಇಟ್ಟಲ್ಲೇ ಇತ್ತು, ಅದರದೇನೂ ತಕರಾರಿರಲಿಲ್ಲ. ಹೆಸರು ಮಾತ್ರ ಒಂದು ಸಲ ಚುಕ್ಕೆಯ ಬಲಕ್ಕೆ, ಒಂದು ಸಲ ಎಡಕ್ಕೆ, ಇನ್ನೊಂದು ಸಲ ರಸ್ತೆಯ ಮೇಲೆಯೇ ಅಡ್ಡಡ್ಡ ಮಲಗಿತು. ಅಲ್ಲಿಂದ ಎಬ್ಬಿಸಿದರೆ ಪಕ್ಕದ ಊರಿನ ಹೆಸರನ್ನು ತುಳಿಯಿತು. ಕೊನೆಗೆ ಸಿಟ್ಟು ಬಂದು ಅದನ್ನು ಒಂದು ಕಡೆ ಮೊಳೆ ಹೊಡೆದ ಹಾಗೆ ಗಟ್ಟಿ ಮಾಡಿ, ಉಳಿದದ್ದನ್ನು ಕಂಪ್ಯೂಟರಿಗೆ ಬಿಟ್ಟು ಊಟದ ಡಬ್ಬಿ ಬಿಚ್ಚಿದೆ. ತಲೆಯೆತ್ತಿ ನೋಡಿದರೆ ಚಿಮ್ಮಡ ಸರಿಯಾಗಿ ಕೂತಿತ್ತು, ರಬಕವಿ-ಬನಹಟ್ಟಿ ಮಾಯವಾಗಿತ್ತು. ನಾನು ಹುಟ್ಟಿ ಬೆಳೆದ ಊರು, ದಿನಾ ಬಸ್ಸು ಹತ್ತುವ ಊರು, ಪರದೆಯ ಮೇಲೆ ಇಲ್ಲವೇ ಇಲ್ಲ. ರೊಟ್ಟಿ ಡಬ್ಬಿಗೆ ಹಾಕಿ ಮತ್ತೆ ಪರದೆಯ ಮುಂದೆ ಕೂತೆ.

ಜಮಖಂಡಿಯಲ್ಲಿ ನಕಾಶೆ ತಯಾರಿಸುವ ಒಂದು ಸಣ್ಣ ಆಫೀಸಿನಲ್ಲಿ ನಾನು ಕೆಲಸ ಮಾಡುತ್ತೇನೆ. ಪಂಚಾಯಿತಿಯ ಗೋಡೆಗೆ ತೂಗುಹಾಕುವ ನಕಾಶೆ, ಕಬ್ಬಿನ ಹೊಲಗಳ ನಕಾಶೆ, ಪ್ಲಾಟುಗಳ ನಕಾಶೆ, ಯಾರು ಏನು ಕೇಳಿದರೂ ಮಾಡಿಕೊಡುತ್ತೇವೆ. ಮನೆಗೆ ಬಂದ ನೆಂಟರಿಗೆ ಈ ಕೆಲಸವನ್ನು ವಿವರಿಸುವುದೆಂದರೆ ನನಗೆ ಸಾಕುಸಾಕಾಗುತ್ತದೆ. "ಚಿತ್ರ ತೆಗಿಯೂ ಕೆಲಸೇನವಾ?" ಎನ್ನುತ್ತಾರೆ. ಚಿತ್ರ ಯಾರು ತೆಗೆಯುತ್ತಾರೆ? ಹೊಳೆ, ರಸ್ತೆ, ಕೆರೆ ಎಲ್ಲವೂ ಮೇಲಿಂದ ತೆಗೆದ ಫೋಟೋಗಳಿಂದ ಸಿದ್ಧವಾಗಿಯೇ ಬರುತ್ತವೆ. ಕೃಷ್ಣೆ ಎಲ್ಲಿ ತಿರುಗಬೇಕೋ ಅಲ್ಲಿ ತಾನೇ ತಿರುಗಿಕೊಂಡಿರುತ್ತಾಳೆ. ನನ್ನ ಪ್ರಾಣ ತಿನ್ನುವುದು ಹೆಸರುಗಳು. ಊರಿಗೆ ಒಂದು ಚುಕ್ಕೆ ಸಾಕು, ಆ ಊರಿನ ಹೆಸರಿಗೆ ಮಾತ್ರ ಹತ್ತು ಚುಕ್ಕೆಗಳಷ್ಟು ಜಾಗ ಬೇಕು.

ಒಂದು ಕಾಲದಲ್ಲಿ ಹೆಸರು ಕೂರಿಸುವ ಕೆಲಸ ಕೈಯಲ್ಲೇ ನಡೆಯುತ್ತಿತ್ತಂತೆ. ಈಗ ಸಾಫ್ಟ್‌ವೇರ್ ಮಾಡುತ್ತದೆ. ಅದು ಮೊದಲು ಪ್ರತಿ ಹೆಸರಿನ ಸುತ್ತ ಕಣ್ಣಿಗೆ ಕಾಣದ ಒಂದು ಚೌಕಟ್ಟು ಕಟ್ಟುತ್ತದೆ. ಆ ಚೌಕಟ್ಟನ್ನು ಚುಕ್ಕೆಯ ಬಲಗಡೆ ಮೇಲೆ ಇಟ್ಟು ನೋಡುತ್ತದೆ. ಅಲ್ಲಿ ಬೇರೆ ಹೆಸರು ತಾಗಿದರೆ ಬಲಗಡೆ ಕೆಳಗೆ, ಆಮೇಲೆ ಎಡಗಡೆ ಮೇಲೆ, ಎಡಗಡೆ ಕೆಳಗೆ. ಹೀಗೆ ಸುತ್ತಲೂ ತಿರುಗಿ ಎಲ್ಲೂ ಜಾಗ ಸಿಗದಿದ್ದರೆ ಹೆಸರನ್ನೇ ಕೈಬಿಡುತ್ತದೆ. ಹೇಳುವುದಿಲ್ಲ, ಕೇಳುವುದಿಲ್ಲ. ಇನ್ನು ಯಾರ ಹೆಸರು ಮೊದಲು ಕೂರಬೇಕು? ದೊಡ್ಡ ಊರಿನದು. ಬನಹಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಒಗೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಜಮಖಂಡಿ, ಮುಧೋಳ, ಬೀಳಗಿಗಳು ಮೊದಲೇ ಟವೆಲ್ಲು ಹಾಕಿ ಕೂತುಬಿಡುತ್ತವೆ. ಒಮ್ಮೆ ಕೂತ ಹೆಸರು ಮತ್ತೆ ಏಳುವುದಿಲ್ಲ, ಸ್ವಲ್ಪ ಸರಿದು ಜಾಗ ಬಿಡುವುದೂ ಇಲ್ಲ. ಕೊನೆಗೆ ಬಂದ ಸಣ್ಣ ಊರುಗಳು ಇಳಿದು ಹೋಗಬೇಕು.

ಅದರ ಮೇಲೆ ನಮ್ಮ ಅಕ್ಷರಗಳ ಪಾಡು ಬೇರೆ. ಈ ಸಾಫ್ಟ್‌ವೇರ್ ಬರೆದವರು ಚೌಕಟ್ಟಿನ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ಗೊತ್ತು ಮಾಡಿದ್ದಾರೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ ಎಂಬುದು ಅದಕ್ಕೆ ತಿಳಿಯದು. ಚಿಮ್ಮಡದ ಒತ್ತು ಚೌಕಟ್ಟಿನ ಹೊರಗೆ ಕಾಲು ಚಾಚಿ ಕೆಳಗಿನ ಊರಿನ ನೆತ್ತಿಗೆ ತಾಗಿರುತ್ತದೆ, ಸಾಫ್ಟ್‌ವೇರಿನ ಲೆಕ್ಕದಲ್ಲಿ ತಾಗಿಯೇ ಇಲ್ಲ. ರಬಕವಿ-ಬನಹಟ್ಟಿಯದು ಇನ್ನೊಂದು ತಲೆನೋವು. ಎರಡೂ ಊರು ಕೂಡಿ ಒಂದೇ ಚುಕ್ಕೆ, ಒಂದೇ ಹೆಸರು. ಒಂದೇ ಸಾಲಿನಲ್ಲಿ ಬರೆದರೆ ಹೆಸರು ಹೊಳೆ ದಾಟಿ ಆಚೆ ದಡಕ್ಕೆ ಹೋಗುತ್ತದೆ. ಎರಡು ಸಾಲು ಮಾಡಿದರೆ ಯಾವುದು ಮೇಲೆ ಎಂಬ ಜಗಳ. ನಾನು ಬನಹಟ್ಟಿಯವಳು, ಬನಹಟ್ಟಿಯನ್ನು ಮೇಲಿಟ್ಟೆ. ರಬಕವಿಯಿಂದ ಬರುವ ನಮ್ಮ ಅಕೌಂಟೆಂಟರು ಅದನ್ನು ನೋಡಿದ ಮೇಲೆ ಎರಡು ದಿನ ನನ್ನ ಜೊತೆ ಚಹಾ ಕುಡಿಯಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಈ ನಕಾಶೆಯ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡಿದ್ದೆ. ಈ ಭಾಗದಲ್ಲಿ ಆಂಬುಲೆನ್ಸ್ ಓಡಿಸುವ ಒಂದು ಟ್ರಸ್ಟಿನವರು ತಮ್ಮ ಡ್ರೈವರುಗಳಿಗೆಂದು ನಕಾಶೆ ಬೇಕೆಂದು ಬಂದಿದ್ದರು. ಫೋನಿನಲ್ಲೂ ಕಾಣಬೇಕು, ಗಾಡಿಯಲ್ಲಿ ಇಟ್ಟುಕೊಳ್ಳಲು ಕಾಗದದ ಪ್ರತಿಯೂ ಬೇಕು. ಸಾಹೇಬರು, ಅಂದರೆ ನಮ್ಮ ಆಫೀಸಿನ ಮಾಲೀಕರು, ಅದನ್ನು ಬೇರೆಯವರಿಗೆ ಕೊಡುವವರಿದ್ದರು. ನಾನು ಹಟ ಹಿಡಿದೆ. ಕಾರಣ ನನ್ನ ಅಕ್ಕ.

ಅಕ್ಕನಿಗೆ ದಮ್ಮು. ನಮ್ಮದು ಮಗ್ಗದ ಮನೆ. ಸಾಲೆ ಬಿಟ್ಟು ಬಂದ ಮೇಲೆ ಅವಳು ಮಗ್ಗದ ಪಕ್ಕದಲ್ಲೇ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹತ್ತಿಯ ಸಣ್ಣ ಎಳೆಗಳು ಸದಾ ಗಾಳಿಯಲ್ಲಿ ತೇಲುತ್ತಿದ್ದವು, ರಾತ್ರಿ ತಲೆ ಬಾಚಿದರೆ ಬಾಚಣಿಕೆ ಬೆಳ್ಳಗಾಗುತ್ತಿತ್ತು. ಅದರಿಂದಲೇ ದಮ್ಮು ಬಂತೆಂದು ಡಾಕ್ಟರು ಖಚಿತವಾಗಿ ಹೇಳಲಿಲ್ಲ, ಇರಬಹುದು ಎಂದರು. ಧೂಳಿಲ್ಲದ ಕಡೆ ಇರಲಿ ಎಂದೇ ನಮ್ಮವರು ಅವಳನ್ನು ಗಲಗಲಿಯ ಕಡೆಯ ತೋಟದ ಮನೆಗೆ ಕೊಟ್ಟರು. ಸುತ್ತ ಕಬ್ಬು, ಹಸಿರು, ಹೊಳೆಯ ಗಾಳಿ. ಆರಾಮಾಗಿಯೇ ಇದ್ದಳು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿದ ಒಣಗಿದ ಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚುತ್ತಾರೆ, ಆ ಹೊಗೆ ಎಂಥದೆಂದು ಪೇಟೆಯವರಾದ ನಮಗೆ ತಿಳಿದಿರಲಿಲ್ಲ.

ಹೋದ ಸುಗ್ಗಿಯಲ್ಲಿ ಅವಳಿಗೆ ಉಸಿರು ಕಟ್ಟಿದಾಗ ಭಾವ ಆಂಬುಲೆನ್ಸಿಗೆ ಫೋನು ಮಾಡಿದ. "ಎಲ್ಲಿಗೆ?" ಎಂದರೆ "ಗಲಗಲಿ" ಎಂದ. ಗಾಡಿ ಬೇಗನೇ ಬಂತು, ಗಲಗಲಿಗೆ. ಊರ ಹೆಬ್ಬಾಗಿಲಲ್ಲಿ, ಅಗಸಿಯಲ್ಲಿ, ನಿಂತು ಹಾರ್ನು ಹೊಡೆಯಿತು. ಅಕ್ಕನ ತೋಟ ಅಲ್ಲಿಂದ ಎಷ್ಟೋ ದೂರ, ಕಬ್ಬಿನ ನಡುವೆ, ಎರಡು ಹಳ್ಳ ದಾಟಿ. ಡ್ರೈವರನ ಫೋನಿನಲ್ಲಿ ಆ ಜಾಗದಲ್ಲಿ ಬರೀ ಹಸಿರು ಬಣ್ಣವಿತ್ತು. ಅವನು ಕೇಳಿಕೊಂಡು ಕೇಳಿಕೊಂಡು ಬರುವ ಹೊತ್ತಿಗೆ ಭಾವ ಅಕ್ಕನನ್ನು ಟ್ರ್ಯಾಕ್ಟರಿನ ಮೇಲೆ ಹಾಕಿಕೊಂಡು ಎದುರಿಗೆ ಬಂದಿದ್ದ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ನನ್ನೆದುರಿಗೇ ಹೇಳಿದರು. ಅಂದಿನಿಂದ ಕಬ್ಬು ಕಡಿಯುವ ಕಾಲ ಬಂತೆಂದರೆ ನನಗೆ ಹೆದರಿಕೆ. ಫೋನು ಬಂದರೆ ಅಕ್ಕನ ಮನೆಯದೇ ಎಂದು ಮೊದಲು ನೋಡುತ್ತೇನೆ. ಆ ಹಸಿರಿನ ಮೇಲೆ ಒಂದು ಹೆಸರು ಬರಬೇಕು, ಅಷ್ಟೇ ನನ್ನ ಆಸೆ.

ಟ್ರಸ್ಟಿನ ಹುಡುಗರು ತೋಟ ತೋಟ ತಿರುಗಿ, ಮನೆಗಳ ಗುಂಪು ಕಂಡಲ್ಲೆಲ್ಲ ಫೋನಿನಲ್ಲಿ ಚುಕ್ಕೆ ಇಟ್ಟು, "ಊರು ಯಾವುದು?" ಎಂದು ಕೇಳಿ ಬರೆದುಕೊಂಡು ಬಂದಿದ್ದರು. ನಾನು ಆಸೆಯಿಂದ ತೆರೆದು ನೋಡಿದೆ. ಹೊಳೆಯ ದಂಡೆಗುಂಟ ರಾಶಿ ಚುಕ್ಕೆಗಳು. ಎಲ್ಲದಕ್ಕೂ ಒಂದೇ ಹೆಸರು, ಗಲಗಲಿ. ಈ ಕಡೆಯ ತೋಟಗಳೂ ಗಲಗಲಿ, ಆ ಕಡೆಯವೂ ಗಲಗಲಿ. ಒಂದೇ ಹೆಸರು ಹತ್ತಿರ ಹತ್ತಿರ ಮತ್ತೆ ಮತ್ತೆ ಬಂದರೆ ಸಾಫ್ಟ್‌ವೇರ್ ಏನು ಮಾಡಬೇಕು? ಯಾರೋ ತಪ್ಪಿ ಎರಡು ಸಲ ಬರೆದಿದ್ದಾರೆಂದುಕೊಂಡು ಒಂದನ್ನು ಉಳಿಸಿ ಉಳಿದದ್ದನ್ನು ಅಳಿಸುತ್ತದೆ. ಉಳಿದದ್ದು ಅಗಸಿಯಿರುವ ಗಲಗಲಿ. ಅಕ್ಕನ ತೋಟ ಮತ್ತೆ ಬರೀ ಹಸಿರು.

ಹುಡುಗರನ್ನು ಬೈದೆ. ಅವರದೇನೂ ತಪ್ಪಿರಲಿಲ್ಲ. ಆ ಭಾನುವಾರ ನಾನೇ ಬಸ್ಸು ಹಿಡಿದು ಹೋಗಿ, ಅಕ್ಕನ ತೋಟದ ದಾರಿಯಲ್ಲಿ ಮೇವು ಹೊತ್ತು ಬರುತ್ತಿದ್ದ ಒಬ್ಬಾಕೆಯನ್ನು ಕೇಳಿದೆ.

"ಯಾವೂರು ಬೇ ನಿಮ್ದು?"

"ಗಲಗಲಿ."

"ಅಲ್ಲ, ಈಗ ಮನಿ ಎಲ್ಲಿ?"

"ಇಲ್ಲೇ ತೋಟದಾಗ."

"ಆ ತೋಟಕ್ಕ ಏನಂತಾರ?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತೋಟಕ್ಕ ತೋಟ ಅಂತಾರ. ಮತ್ತೇನಂತಾರ?"

ಎಲ್ಲರದೂ ಇದೇ ಉತ್ತರ. ಇಲ್ಲಿಯ ಮಂದಿ ಹುಟ್ಟುವುದು ತೋಟದಲ್ಲಿ, ದನ ಕಟ್ಟುವುದು ತೋಟದಲ್ಲಿ, ಮಕ್ಕಳನ್ನು ಸಾಲೆಗೆ ಕಳಿಸುವುದೂ ತೋಟದಿಂದಲೇ. ಆದರೆ ಊರು ಯಾವುದೆಂದರೆ ಮನೆದೇವರು ಇರುವ ಊರು, ಹಿರಿಯರನ್ನು ಮಣ್ಣು ಮಾಡಿದ ಊರು. ಅಜ್ಜನ ಕಾಲದಲ್ಲೇ ಅಲ್ಲಿಯ ಮನೆ ಬಿದ್ದು ಹೋಗಿದ್ದರೂ ಊರು ಅದೇ. ಲಗ್ನದ ಕಾರ್ಡಿನಲ್ಲಿ ಅದೇ, ರೇಷನ್ ಕಾರ್ಡಿನಲ್ಲಿ ಅದೇ, ಆಂಬುಲೆನ್ಸಿನವರಿಗೂ ಅದೇ. ಮರ್ಯಾದೆಯ ಮಾತು ಇರಬಹುದು, ಒಪ್ಪುತ್ತೇನೆ. ನಾನು ಮಾತ್ರ ಕಬ್ಬಿನ ನಡುವೆ ನಿಂತು ಹಣೆ ಚಚ್ಚಿಕೊಂಡೆ.

ಅಕ್ಕನ ಮನೆಯಲ್ಲಿ ಕಟ್ಟೆಯ ಮೇಲೆ ಅವಳ ಮಾವ ಕೂತಿದ್ದರು. ಎತ್ತರದ ಆಳು, ಕಿವಿ ಸ್ವಲ್ಪ ಮಂದ, ಹಿಡಿದ ಮಾತು ಬಿಡುವವರಲ್ಲ. ನಾನು ಅವರಿಗೆ ಕಾಕಾ ಎನ್ನುತ್ತೇನೆ. ಚಹಾ ಕುಡಿದು, ವಿಷಯ ತೆಗೆದು, ತೋಟಕ್ಕೆ ಒಂದು ಹೆಸರು ಬೇಕೆಂದು ಜೋರಾಗಿ ಹೇಳಿದೆ.

"ಹೆಸರ ಐತೆಲ್ಲಾ, ಗಲಗಲಿ," ಎಂದರು.

"ಅದು ಊರಿಂದರಿ ಕಾಕಾ. ಈ ಜಾಗದ್ದು ಬ್ಯಾರೆ ಬೇಕು. ಇಲ್ಲಂದ್ರ ಗಾಡಿ ಮತ್ತ ಅಗಸ್ಯಾಗ ಹೋಗಿ ನಿಲ್ಲತೈತಿ."

"ಬ್ಯಾರೆ ಹೆಸರ ಇಟ್ರ ಬ್ಯಾರೆ ಊರ ಆಕ್ಕೈತಿ."

"ಆದ್ರ ಏನಾತ್ರಿ?"

ಅವರು ನನ್ನ ಕಡೆ ತಿರುಗಿದರು. "ತಂಗಿ, ನಮ್ಮಪ್ಪನ ಮಣ್ಣ ಗಲಗಲ್ಯಾಗೈತಿ. ನಂದೂ ಅಲ್ಲೇ ಆಗಬೇಕು. ನಾಳಿ ನಾ ಸತ್ತ ದಿನ ಊರ ಮಂದಿ, ನೀವು ಬ್ಯಾರೆ ಊರಾವ್ರು, ಅಲ್ಲೇ ನಿಮ್ಮ ಬಾವಿ ಹತ್ರ ಇಡ್ರಿ ಅಂದ್ರ ಏನ ಮಾಡ್ಲಿ?"

ನಗು ಬಂತು, ಮರುಕ್ಷಣವೇ ನಗಬಾರದಿತ್ತು ಅನ್ನಿಸಿತು. ಅವರು ತಮಾಷೆ ಮಾಡುತ್ತಿರಲಿಲ್ಲ. ನಕಾಶೆಯ ಮೇಲೆ ಹೆಸರು ಬಂದ ಮಾತ್ರಕ್ಕೆ ಯಾರೂ ಯಾರನ್ನೂ ಊರಿಂದ ಹೊರಗೆ ಹಾಕುವುದಿಲ್ಲ ಎಂದು ಎಷ್ಟು ಹೇಳಿದರೂ ತಲೆಯಾಡಿಸುತ್ತಲೇ ಇದ್ದರು. ಅವರಿಗೆ ತಮ್ಮ ಮಣ್ಣಿನ ಚಿಂತೆ, ನನಗೆ ಒಳಗೆ ಕೂತು ಜೋಳ ಹಸನು ಮಾಡುತ್ತಿದ್ದ ಅಕ್ಕನ ಚಿಂತೆ. ಅವಳ ಉಸಿರಿನ ಸಣ್ಣ ಸಿಳ್ಳು ಕಟ್ಟೆಯವರೆಗೆ ಕೇಳುತ್ತಿತ್ತು. ಕಿವಿ ಮಂದವಾದ ಅವರಿಗೆ ಅದು ಕೇಳಿಸುವಂತಿರಲಿಲ್ಲ. ಭಾವನಿಗಂತೂ ಕೇಳಿಸಬೇಕಿತ್ತಲ್ಲ! ಅವನು ಅಪ್ಪನ ಮುಂದೆ ಬಾಯಿ ಬಿಡುವವನಲ್ಲ, ಎಮ್ಮೆಗೆ ನೀರು ತೋರಿಸುವ ನೆವದಲ್ಲಿ ಎದ್ದುಹೋದ.

ಹೆಸರಾದರೂ ಏನಿಡುವುದು? ಅಲ್ಲಿ ಮೂರು ಮನೆಗಳಿವೆ, ನನ್ನ ಜೋರು ದನಿಗೆ ಮೂರೂ ಮನೆಯವರು ಬಂದು ಸೇರಿದ್ದರು. ಒಂದು ಅಕ್ಕನದು, ಒಂದು ಅವಳ ಮಾವನ ತಮ್ಮನದು, ಇನ್ನೊಂದು ಬೇರೆ ಮನೆತನದವರದು. ಒಬ್ಬರ ಮನೆತನದ ಹೆಸರಿಟ್ಟರೆ ಇನ್ನಿಬ್ಬರು ಮುಖ ತಿರುಗಿಸುತ್ತಾರೆ. ಬೇವಿನ ಗಿಡದ ತೋಟ ಎನ್ನೋಣವೆಂದರೆ ಗಿಡ ಮೂರನೆಯ ಮನೆಯವರ ಹೊಲದಲ್ಲಿತ್ತು. ದೇವರ ಹೆಸರಿಗೆ ಎಲ್ಲರೂ ಒಪ್ಪಿದರು, ಯಾವ ದೇವರು ಎಂಬುದಕ್ಕೆ ಒಪ್ಪಲಿಲ್ಲ. ನಾನು ನಡುವೆ ನಿಂತು, ಹೆಸರು ಚಿಕ್ಕದಿರಲಿ, ಉದ್ದವಾದರೆ ಚೌಕಟ್ಟು ದೊಡ್ಡದಾಗಿ ಎಲ್ಲೂ ಕೂರುವುದಿಲ್ಲ ಎಂದು ಕೂಗುತ್ತಿದ್ದೆ. ಒಬ್ಬರೂ ಕಿವಿಗೊಡಲಿಲ್ಲ. ಕೊನೆಗೆ ಅಕ್ಕ ಮೊರ ಬದಿಗಿಟ್ಟು ಹೊರಗೆ ಬಂದು, "ಜೋಡಬಾವಿ ಅನ್ರಿ," ಎಂದಳು. ಅವಳ ಮಾವ ಮತ್ತು ಅವರ ತಮ್ಮ ಮಾತು ಬಿಟ್ಟಿದ್ದ ಕಾಲದಲ್ಲಿ ಹಟಕ್ಕೆ ಬಿದ್ದು ಪಕ್ಕಪಕ್ಕದಲ್ಲೇ ತೋಡಿಸಿದ ಎರಡು ಬಾವಿಗಳು ಅಲ್ಲಿವೆ. ಒಂದು ಅವರದು, ಒಂದು ಇವರದು, ನೀರನ್ನು ಮೂರನೆಯ ಮನೆಯವರೂ ಸೇದುತ್ತಾರೆ. ಯಾರಿಗೂ ತಕರಾರು ತೆಗೆಯಲು ಆಗಲಿಲ್ಲ. ಅವಳ ಮಾವ ಮಾತ್ರ, "ಬಾವಿಗೆ ಬೇಕಾದ್ದ ಹೆಸರ ಇಡ್ರಿ. ನಮ್ಮೂರು ಗಲಗಲಿ," ಎಂದು ರುಮಾಲು ಝಾಡಿಸಿ ಎದ್ದರು.

ಹೆಸರು ಸಿಕ್ಕಿತೆಂದು ಸೋಮವಾರ ಖುಷಿಯಿಂದ ಆಫೀಸಿಗೆ ಹೋದೆ. ಉಳಿದ ತೋಟಗಳಿಗೂ ಹೀಗೇ ಬೇರೆ ಬೇರೆ ಹೆಸರು ಕೇಳಿ ತರಲು ಹುಡುಗರನ್ನು ಕಳಿಸಿ, ಅಕ್ಕನ ತೋಟದ ಚುಕ್ಕೆಗೆ ಜೋಡಬಾವಿ ಎಂದು ಬರೆದು ಸಾಫ್ಟ್‌ವೇರ್ ಓಡಿಸಿದೆ. ಜೋಡಬಾವಿ ಬರಲಿಲ್ಲ. ಹೊಳೆಯ ಹೆಸರು, ಗಲಗಲಿ, ರಸ್ತೆಯ ಹೆಸರು, ಸುತ್ತಲಿನ ದೊಡ್ಡ ಹಳ್ಳಿಗಳು ಎಲ್ಲ ಕೂತ ಮೇಲೆ ಇದರ ಪಾಳಿ ಬರುತ್ತಿತ್ತು, ಅಷ್ಟರಲ್ಲಿ ಜಾಗ ಮುಗಿದಿರುತ್ತಿತ್ತು. ಕೈಯಿಂದ ಎಳೆದು ಕೂರಿಸಲು ಹೋದೆ. ಸಾಹೇಬರು ಹಿಂದೆ ಬಂದು ನಿಂತರು.

"ಕೈ ಹಚ್ಚಬ್ಯಾಡ್ರಿ. ತಿಂಗಳಾ ಹೊಸಾ ಚುಕ್ಕಿ ಬರ್ತಾವು. ಪ್ರತಿ ಸಲ ನಕಾಶಿ ಮೊದಲಿಂದ ಆಕ್ಕೈತಿ. ನೀವು ಕೈಲೆ ಇಟ್ಟದ್ದು ಒಂದೂ ಉಳಿಯೂದಿಲ್ಲ. ನಿಯಮದಾಗ ಬರೂಹಂಗ ಮಾಡ್ರಿ."

ಅವರು ಹೇಳಿದ್ದು ಖರೆ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಇನ್ನೊಂದು ಪದ್ಧತಿ ಇದೆ. ಹೆಸರುಗಳನ್ನೆಲ್ಲ ಹೇಗೆಂದರೆ ಹಾಗೆ ಚೆಲ್ಲಿ, ಆಮೇಲೆ ಒಂದೊಂದನ್ನೇ ಅಲುಗಾಡಿಸುತ್ತ ಹೋಗುವುದು. ಮೊದಮೊದಲು ಅಲುಗಾಡಿಸಿದ್ದರಿಂದ ನಕಾಶೆ ಕೆಟ್ಟರೂ ಒಪ್ಪಿಕೊಳ್ಳುವುದು, ಬರಬರುತ್ತ ಬಿಗಿ ಮಾಡುತ್ತ ಕೊನೆಗೆ ಸುಧಾರಿಸಿದರೆ ಮಾತ್ರ ಒಪ್ಪುವುದು. ಕಾದ ಕಬ್ಬಿಣವನ್ನು ನಿಧಾನ ಆರಿಸಿದ ಹಾಗೆ ಎಂದು ಓದಿದ್ದೆ. ಹಚ್ಚಿ ನೋಡಿದೆ. ಮೊದಲ ಸಲವೇ ಜೋಡಬಾವಿ ಬಂತು, ಕುರ್ಚಿಯಿಂದ ಎದ್ದು ನಿಂತೆ. ಇನ್ನೊಮ್ಮೆ ಓಡಿಸಿದೆ, ಹೋಯಿತು. ಮತ್ತೊಮ್ಮೆ ಓಡಿಸಿದರೆ ಜೋಡಬಾವಿ ಇತ್ತು, ಆದರೆ ಅದರ ಹಳ್ಳದಾಚೆಯ ತೋಟದ ಹೆಸರು ಬಿಟ್ಟುಹೋಗಿತ್ತು. ಒಂದೊಂದು ಸಲ ಒಂದೊಂದು ನಕಾಶೆ. ಎಲ್ಲ ಹೆಸರುಗಳಿಗೂ ಸರಿಹೊಂದುವ ಅತ್ಯುತ್ತಮ ಜೋಡಣೆಯನ್ನು ಬೇಗನೆ ಹುಡುಕಿಕೊಡುವ ದಾರಿ ಇದುವರೆಗೂ ಯಾರಿಗೂ ಸಿಕ್ಕಿಲ್ಲವಂತೆ, ದೊಡ್ಡ ದೊಡ್ಡ ಗಣಿತದವರೂ ಕೈ ಚೆಲ್ಲಿದ್ದಾರಂತೆ. ಅದನ್ನು ಓದಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಬ್ಬಿಗೆ ಕುಡುಗೋಲು ಬೀಳುವ ದಿನ ಹತ್ತಿರ ಬರುತ್ತಿತ್ತು, ಗಣಿತದವರನ್ನು ಕಾಯುತ್ತ ಕೂರಲು ನನಗೆ ಪುರಸೊತ್ತಿರಲಿಲ್ಲ.

ದಾರಿ ಹೊಳೆದದ್ದು ಜಗಳದಲ್ಲಿ. ಟ್ರಸ್ಟಿನ ಡ್ರೈವರೊಬ್ಬರು ನಕಾಶೆ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದರು. ಅಂದು ನನಗೆ ತಲೆ ಕೆಟ್ಟಿತ್ತು. "ಈ ನಕಾಶ್ಯಾಗ ಜಮಖಂಡಿ ಅಂತ ಬರೀಲಿಲ್ಲಂದ್ರ ನೀವು ಜಮಖಂಡಿಗಿ ಬರೂದಿಲ್ಲೇನ್ರಿ?" ಎಂದು ಮುಖದ ಮೇಲೆಯೇ ಕೇಳಿದೆ. ಪಾಪ, ಅವರು ಗಾಬರಿಯಾಗಿ, "ಜಮಖಂಡಿ ಕಣ್ಣ ಮುಚ್ಚಿ ಬರ್ತೇನಲ್ರಿ," ಎಂದರು. ಕೇಳಿದ್ದು ನಾನೇ, ಉತ್ತರವೂ ನನಗೆ ಗೊತ್ತಿದ್ದದ್ದೇ, ಆದರೂ ಹೊರಗಿನವರ ಬಾಯಿಂದ ಬಂದಾಗ ಬೇರೆಯಾಗಿ ಕೇಳಿಸಿತು. ಎಲ್ಲರಿಗೂ ಗೊತ್ತಿರುವ ಊರುಗಳನ್ನು ಮೊದಲು ಕೂರಿಸಿ, ಯಾರಿಗೂ ಗೊತ್ತಿಲ್ಲದವನ್ನು ಕೆಳಗಿಳಿಸುವುದು ಆಂಬುಲೆನ್ಸಿನ ನಕಾಶೆಯಲ್ಲಿ ಎಂಥ ಹುಚ್ಚುತನ! ಪಾಳಿಯನ್ನೇ ತಿರುಗಿಸಿದೆ. ತೋಟಗಳು ಮೊದಲು, ಸಣ್ಣ ಹಳ್ಳಿಗಳು ಆಮೇಲೆ, ತಾಲ್ಲೂಕಿನ ಊರುಗಳು ಕಟ್ಟಕಡೆಗೆ, ಜಾಗ ಸಾಲದಿದ್ದರೆ ಹಿಂದೆ ಬಂದ ಊರಿನ ಅಕ್ಷರ ಸಣ್ಣದಾಗಲಿ. ಒತ್ತಕ್ಷರಕ್ಕೆಂದು ಚೌಕಟ್ಟನ್ನು ಕೆಳಗೆ ಸ್ವಲ್ಪ ಜಗ್ಗಿದೆ. ಓಡಿಸಿದೆ. ಕೃಷ್ಣೆಯ ದಂಡೆಗೆ ಜೋಡಬಾವಿ ಬಂದು ಕೂತಿತು. ಇನ್ನೊಮ್ಮೆ ಓಡಿಸಿದೆ, ಅಲ್ಲೇ ಇತ್ತು. ಅಳು ಬಂದಂತಾಯಿತು.

ಮುಂದಿನದು ಹೇಳಿದರೆ ಬೇಸರ. ಜಮಖಂಡಿಯ ಹೆಸರು ಸಣ್ಣದಾಗಿ ಒಂದು ಮೂಲೆಗೆ ಸರಿದದ್ದು ಟ್ರಸ್ಟಿನ ಹಿರಿಯರಿಗೆ ಹಿಡಿಸಲಿಲ್ಲ. ಇಷ್ಟು ದೊಡ್ಡ ಊರಿಗೆ ಇಷ್ಟು ಸಣ್ಣ ಅಕ್ಷರವೇ ಎಂದರು. ಮುಧೋಳದವರೊಬ್ಬರು ತಮ್ಮ ಊರಿನ ಹೆಸರು ಓರೆಯಾಗಿದೆ ಎಂದರು, ಅದು ನೆಟ್ಟಗೇ ಇತ್ತು. ಅಕೌಂಟೆಂಟರು ಬಂದು ರಬಕವಿ ಈ ಸಲವೂ ಕೆಳಗೇ ಇದೆಯೇ ಎಂದು ಬಗ್ಗಿ ನೋಡಿದರು. ಎಲ್ಲರೊಡನೆಯೂ ಜಗಳಾಡಿದೆ. ಕೆಲವು ಕಡೆ ಸೋತೆ, ತೋಟಗಳ ಪಾಳಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಸಾಹೇಬರು ಕೊನೆಗೆ, "ಆತು ಬಿಡ್ರಿ, ನಿಮ್ಮ ಜೋಡಿ ಮಾತಾಡಿ ಗೆದ್ದಾವ್ರ ಯಾರದಾರ," ಎಂದು ಅಚ್ಚಿಗೆ ಕಳಿಸಿದರು.

ಆ ಹೊತ್ತಿಗೆ ಸುಗ್ಗಿ ಶುರುವಾಗಿತ್ತು. ಒಂದು ಪ್ರತಿಯನ್ನು ಸುರುಳಿ ಸುತ್ತಿಕೊಂಡು ರಜೆಯ ದಿನ ಅಕ್ಕನ ಮನೆಗೆ ಹೋದೆ. ಪಡಸಾಲೆಯ ಗೋಡೆಗೆ ಹಚ್ಚಿದೆವು. ಅಕ್ಕ ಜೋಡಬಾವಿಯ ಮೇಲೆ ಬೆರಳಿಟ್ಟು, "ಇಷ್ಟ ಇದ್ದೇವೇನ ನಾವು?" ಎಂದು ನಕ್ಕಳು. ಅವಳ ಮಾವ ಕನ್ನಡಕ ಹಾಕಿಕೊಂಡು ಬಂದು ಗಲಗಲಿಯನ್ನು ಹುಡುಕಿ, "ಊರ ಹೆಸರ ಸಣ್ಣದ ಮಾಡೀಯಲ್ಲ ತಂಗಿ," ಎಂದು ಮುನಿಸಿಕೊಂಡರು. ಜೋಡಬಾವಿಯನ್ನು ಓದಿದರೋ ಇಲ್ಲವೋ ತಿಳಿಯಲಿಲ್ಲ. ಏನಾದರೂ ಆಗಲಿ, ನನ್ನ ಕೆಲಸ ಮುಗಿಯಿತು ಎಂದುಕೊಂಡು ಊಟಕ್ಕೆ ಕೂತೆ.

ಊಟ ಮುಗಿಯುವ ಹೊತ್ತಿಗೆ ಹಳ್ಳದಾಚೆ ಯಾರೋ ರವದಿಗೆ ಬೆಂಕಿ ಹಚ್ಚಿದರು. ಗಾಳಿ ಈ ಕಡೆಗೇ ಇತ್ತು. ಬಾಗಿಲು ಕಿಟಕಿ ಹಾಕುವಷ್ಟರಲ್ಲಿ ಹೊಗೆ ಪಡಸಾಲೆಗೆ ಬಂದಿತ್ತು. ಅಕ್ಕ ಎರಡು ಸಲ ಕೆಮ್ಮಿದಳು, ಗೋಡೆ ಹಿಡಿದು ಕೂತಳು, ಆಮೇಲೆ ಎದೆ ಏರಿಳಿಯುವುದು ಕಾಣುತ್ತಿತ್ತೇ ಹೊರತು ಗಾಳಿ ಒಳಗೆ ಹೋಗುತ್ತಿರಲಿಲ್ಲ. ಅವಳನ್ನು ನನ್ನ ಎದೆಗೆ ಒರಗಿಸಿಕೊಂಡು ದಮ್ಮಿನ ಔಷಧದ ಪಂಪನ್ನು ಬಾಯಿಗೆ ಹಿಡಿದೆ. ಭಾವ ಟ್ರ್ಯಾಕ್ಟರ್ ತರಲು ಓಡಿದ, ಅದು ಕಾರ್ಖಾನೆಗೆ ಕಬ್ಬು ಹೊತ್ತು ಹೋಗಿದ್ದು ಆಮೇಲೆ ನೆನಪಾಗಿ ಅಂಗಳದಲ್ಲೇ ನಿಂತ. ಅವಳ ಮಾವ ಫೋನು ಹಚ್ಚಿದರು. ಆ ಕಡೆಯವನ ದನಿ ನನಗೂ ಕೇಳುತ್ತಿತ್ತು.

"ಎಲ್ಲಿಗಿ ಬರ್ಬೇಕ್ರಿ?"

"ಗಲಗಲಿ!"

ನನ್ನ ಮೈ ಉರಿದುಹೋಯಿತು. "ಜೋಡಬಾವಿ ಅನ್ರಿ ಕಾಕಾ!" ಎಂದು ಕಿರುಚಿದೆ. ಅವರು ಮಂದ ಕಿವಿಗೆ ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು.

"ಗಲಗಲ್ಯಾಗ ಎಲ್ಲಿರಿ ಅಜ್ಜಾರ?"

"ಗಲಗಲಿ ರೀ! ನಾವು ಗಲಗಲಿಯವ್ರು!"

ನಾನು ಏಳುವಂತಿರಲಿಲ್ಲ, ಎದ್ದರೆ ಅಕ್ಕ ನೆಲಕ್ಕೆ ಬೀಳುತ್ತಿದ್ದಳು. "ಮಾಮಾ, ನೀವರ ಹೇಳ್ರಿ!" ಎಂದು ಭಾವನನ್ನು ಕೂಗಿದೆ. ಭಾವ ಬಾಗಿಲಿಗೆ ಬಂದು ಅಪ್ಪನ ಮುಖ ನೋಡಿದ, ಬಾಯಿ ತೆರೆದ, ಮುಚ್ಚಿದ. ಇಷ್ಟು ತಿಂಗಳು ಊರ ಮಂದಿಯೊಂದಿಗೆ, ಕಂಪ್ಯೂಟರಿನೊಂದಿಗೆ, ಸಾಹೇಬರೊಂದಿಗೆ ಬಡಿದಾಡಿ ಆ ಹೆಸರಿಗೆ ಜಾಗ ಮಾಡಿದ್ದೆ. ಅದು ಗೋಡೆಯ ಮೇಲೆ ನಮ್ಮ ಕಣ್ಣೆದುರಿಗೇ ಇತ್ತು. ಈ ಮನೆಯ ಗಂಡಸರ ಬಾಯಲ್ಲಿ ಮಾತ್ರ ಅದಕ್ಕೆ ಜಾಗ ಸಿಕ್ಕಿರಲಿಲ್ಲ.

ಆಗ ಅಕ್ಕ ನನ್ನ ಕೈಯನ್ನೂ ಪಂಪನ್ನೂ ಬದಿಗೆ ತಳ್ಳಿದಳು. ಮಾವನ ಧೋತರದ ಚುಂಗು ಹಿಡಿದು ಜಗ್ಗಿದಳು. ಅವರು ಬಗ್ಗಿದರು. ಫೋನು ಅವಳ ಬಾಯಿಯ ಹತ್ತಿರ ಬಂತು.

"ಜೋ... ಡ..." ಎಂದಳು. ಉಸಿರಿಗಾಗಿ ತಡೆದಳು. ಕುತ್ತಿಗೆಯ ನರ ಉಬ್ಬಿದವು. "ಬಾವಿ."

"ಜೋಡಬಾವೀನ್ರಿ? ಹಾಂ, ಕಾಣಾಕತ್ತೈತ್ರಿ. ಬಂದೆ," ಎಂದಿತು ಫೋನು.

ಗಾಡಿ ಅಗಸಿಯ ಕಡೆ ಹೋಗಲಿಲ್ಲ, ನೆಟ್ಟಗೆ ಬಾವಿಗಳ ಹತ್ತಿರ ಬಂದು ನಿಂತಿತು. ಆಸ್ಪತ್ರೆ ಮುಟ್ಟುವವರೆಗೆ ಅಕ್ಕನನ್ನು ಒರಗಿಸಿಕೊಂಡೇ ಕೂತೆ. ಸಂಜೆಯ ಹೊತ್ತಿಗೆ ಅಕ್ಕನ ಮುಖಕ್ಕೆ ಬಣ್ಣ ಬಂತು, ಮೂಗಿಗೆ ಹಚ್ಚಿದ್ದ ಆಕ್ಸಿಜನ್ ತೆಗೆದರು. ಅವಳ ಮಾವ ಬಾಗಿಲ ಹತ್ತಿರ ನಿಂತಿದ್ದರು, ಒಳಗೆ ಬರಲೊಲ್ಲರು. ಭಾವ ಮಂಚದ ಕಾಲ ಕಡೆ ಕೂತಿದ್ದ. ಅಕ್ಕ ನನ್ನ ಕೈ ಹಿಡಿದುಕೊಂಡಳು.

"ನಕಾಶಿ ಛಲೋ ಮಾಡೀಯ ಬೇ," ಎಂದಳು, ತಡೆತಡೆದು. "ಆದ್ರ ಮುಂದಿನ ಸಲ ನನ್ನ ಹತ್ರ ಅಷ್ಟ ಉಸುರ ಇರ್ತೈತೋ ಇಲ್ಲೋ. ನೀವು ಯಾರರ ಹೇಳ್ರಿ."

ಭಾವ ತಲೆ ತಗ್ಗಿಸಿದ. ಬಾಗಿಲಲ್ಲಿದ್ದವರು ಅಲುಗಲಿಲ್ಲ. ಅವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ನಾನು ಎದ್ದು ಹೋಗಿ, ಅವರ ಕಿವಿಯ ಹತ್ತಿರವೇ ನಿಂತು, ಅಕ್ಕ ಹೇಳಿದ್ದನ್ನು ಒಂದಕ್ಷರ ಬಿಡದೆ, ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಮತ್ತೊಮ್ಮೆ ಹೇಳಿದೆ.